ಜಾರ್ಜಿಯಾದ ಸಮ್ಟರ್ ಕೌಂಟಿಯಲ್ಲಿ ಕಾರ್ಟರ್ ಬಿಟ್ಟರೆ ಇನ್ಯಾವ ರಾಜಕಾರಣಿಗಳ ಸಮಾಧಿ ಇದೆ?

ಅರಸೀಕೆರೆ ಜಂಕ್ಷನ್:
ಜಾರ್ಜಿಯಾ ಕನ್ನಡಿಗರಿಗೆಲ್ಲ ನಮಸ್ಕಾರ. ಜಿಮ್ಮಿ ಕಾರ್ಟರ್ ಊರಾದ ಪ್ಲೇನ್ಸ್ ನೋಡಿಕೊಂಡು ಬರೋಣ ಅಂತಿದೀವಿ. ಅಪ್ಪ ಊರಿಂದ ಬಂದಿದ್ದಾರೆ. ಅವರ ಪಾಲಿಗೆ ಕಾರ್ಟರ್ ಅಂದ್ರೆ ಮೊರಾರ್ಜಿ ದೇಸಾಯಿ ಕಾಲದಲ್ಲಿ ದೆಹಲಿಗೆ ಬಂದಿದ್ದ ಅಮೆರಿಕದ ಕಡಲೆಕಾಯಿ ಅಧ್ಯಕ್ಷ. ಗಂಡ ಹೆಂಡತಿ ಇಬ್ಬರನ್ನೂ ಅವರ ಮನೆ ಆವರಣದಲ್ಲೇ ಮಣ್ಣು ಮಾಡಿದ್ದಾರೆ ಅಂದ್ರೆ ಅಪ್ಪ ನಂಬ್ತಾನೇ ಇಲ್ಲ. "ಅಧ್ಯಕ್ಷ ಅಂದ್ಮೇಲೆ ರಾಜಧಾನಿಯಲ್ಲಿ ಒಂದು ಘಾಟ್ ಇರ್ಬೇಕಲ್ಲಪ್ಪ" ಅಂತಾರೆ. ಇಲ್ಲಿ ಹಾಗೆ ಇರಲ್ವಾ? ಇನ್ನೊಂದು, ಅಷ್ಟು ದೂರ ಹೋಗ್ತೀವಲ್ಲ, ಆ ಕೌಂಟಿಯಲ್ಲಿ ನೋಡೋಂಥ ಬೇರೆ ರಾಜಕಾರಣಿಗಳ ಸಮಾಧಿ ಏನಾದ್ರೂ ಇದೆಯಾ? ರಜೆ ದಿನ ಸ್ಮಶಾನ ಸುತ್ತೋಕೆ ನಮ್ಮನೆಯವಳ ವಿರೋಧ ಇದೆ, ಅದನ್ನ ನಾನು ನೋಡ್ಕೋತೀನಿ.

ಕಲ್ಲೋದುಗ:
ನಮಸ್ಕಾರ. ನಿಮ್ಮ ತಂದೆಯವರ ಪ್ರಶ್ನೆ ಸರಿಯಾಗಿಯೇ ಇದೆ, ಆದರೆ ಇಲ್ಲಿಯ ಪದ್ಧತಿ ಬೇರೆ. ವಾಷಿಂಗ್ಟನ್ ಪಕ್ಕದ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಇರುವ ಅಧ್ಯಕ್ಷರು ಇಬ್ಬರೇ: ಟಾಫ್ಟ್ ಮತ್ತು ಕೆನಡಿ. ಉಳಿದವರಲ್ಲಿ ಹೆಚ್ಚಿನವರು ಅವರವರ ಊರು, ಅವರವರ ಜಮೀನು. 20ನೇ ಶತಮಾನದ ನಡುವಿನಿಂದ ಈಚೆಗೆ ಅಧ್ಯಕ್ಷರ ಹೆಸರಿನ ಗ್ರಂಥಾಲಯದ ಅಥವಾ ಮ್ಯೂಸಿಯಂನ ಅಂಗಳದಲ್ಲೇ ಹೂಳುವುದು ರೂಢಿಯಾಯಿತು. ಟ್ರೂಮನ್, ಐಸೆನ್‌ಹೋವರ್, ನಿಕ್ಸನ್, ಫೋರ್ಡ್, ರೇಗನ್, ದೊಡ್ಡ ಬುಷ್ ಎಲ್ಲರೂ ಹಾಗೇ. ಕಾರ್ಟರ್ ಗ್ರಂಥಾಲಯ ಇರುವುದು ಅಟ್ಲಾಂಟಾದಲ್ಲಿ, ನಿಮ್ಮ ಮನೆ ಹತ್ತಿರವೇ. ಅಲ್ಲಿ ಬೇಡ, ಪ್ಲೇನ್ಸೇ ಆಗಬೇಕು ಅಂತ ಅವರು 2006ರಲ್ಲೇ ಹೇಳಿಬಿಟ್ಟಿದ್ದರು. ತಾನೂ ಹೆಂಡತಿಯೂ ಹುಟ್ಟಿದ ಊರು ಅದು ಅನ್ನುವುದೇ ಅವರು ಕೊಟ್ಟ ಕಾರಣ.

1961ರಲ್ಲಿ ಕಟ್ಟಿಸಿದ ಸಾಧಾರಣ ಮನೆ. ಅಧ್ಯಕ್ಷಗಿರಿ ಮುಗಿಸಿ 1981ರಲ್ಲಿ ವಾಪಸ್ ಬಂದದ್ದೂ ಅದೇ ಮನೆಗೆ, ಪ್ರಾಣ ಬಿಟ್ಟದ್ದೂ ಅದೇ ಮನೆಯಲ್ಲಿ. ರೋಸಲಿನ್ ತೀರಿಕೊಂಡದ್ದು 2023ರ ನವೆಂಬರ್ 19. ಜಿಮ್ಮಿ 2024ರ ಡಿಸೆಂಬರ್ 29, ನೂರು ತುಂಬಿದ ಮೇಲೆ. 2025ರ ಜನವರಿ 9ರಂದು ಬೆಳಗ್ಗೆ ವಾಷಿಂಗ್ಟನ್ ಕೆಥೆಡ್ರಲ್‌ನಲ್ಲಿ ಬದುಕಿದ್ದ ಮಾಜಿ ಅಧ್ಯಕ್ಷರೆಲ್ಲ ಸಾಲಾಗಿ ಕೂತಿದ್ದರು. ಅದೇ ದಿನ ಸಂಜೆ ಪ್ಲೇನ್ಸ್‌ನ ಮರನಾಥಾ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಊರಿನವರ ಮುಂದೆ ಪ್ರಾರ್ಥನೆ ಮುಗಿಸಿ, ಮನೆಯವರಷ್ಟೇ ಸೇರಿ ಹೆಂಡತಿಯ ಪಕ್ಕ ಮಣ್ಣು ಮಾಡಿದರು. ಆ ಊರಿನ ಜನಸಂಖ್ಯೆ 2020ರ ಜನಗಣತಿಯಲ್ಲಿ 573.

ಬೇರೆ ಸಮಾಧಿಗಳ ಬಗ್ಗೆ ಸಂಜೆ ಬರೀತೀನಿ. ಪಟ್ಟಿ ನೀವಂದುಕೊಂಡದ್ದಕ್ಕಿಂತ ದೊಡ್ಡದಿದೆ.

ಮದ್ದೂರು ವಡೆ:
ಅಲ್ಲ ಗುರು, ಘಾಟ್ ಇಲ್ದಿದ್ರೆ ಏನಂತೆ. ನಮ್ಮ ಎಸ್.ಎಂ. ಕೃಷ್ಣ ಅವರು ಹೋಗಿದ್ದೂ ಅದೇ ಡಿಸೆಂಬರ್ 10ಕ್ಕೆ. ಬೆಂಗಳೂರಲ್ಲಿ ಜಾಗ ಇರ್ಲಿಲ್ವಾ? ಸೋಮನಹಳ್ಳೀಗೇ ತಂದ್ರಲ್ಲ. ಊರು ಅಂದ್ರೆ ಊರೇ.

ಬಸವನ ಬಾಗೇವಾಡಿ ಅಕ್ಕ:
ಅದು ಖರೇ ಐತ್ರಿ. ಆದ್ರ ನನಗೊಂದು ತಿಳೀವಲ್ದು. ಮನಿ ಮುಂದ ಹೂಳಾಕ ಪರ್ಮಿಷನ್ ಹೆಂಗ ಕೊಡ್ತಾರ? ನಾನಿರೋ ಊರಾಗ ಬೇಲಿ ಎತ್ತರ ಎಷ್ಟಿರಬೇಕಂತ ಪತ್ರ ಬರ್ಕೊಂಡು ಮನಿ ತನಕ ಬರ್ತಾರ.

ಕಲ್ಲೋದುಗ:
ಅಕ್ಕಾ, ನಿಮ್ಮದು ನಗರ. ಹಳ್ಳಿಗಾಡು ಕೌಂಟಿಗಳಲ್ಲಿ ಸ್ವಂತ ಜಮೀನಿನಲ್ಲಿ ಹೂಳುವ ಪದ್ಧತಿ ಮೊದಲಿನಿಂದಲೂ ಇದೆ. ಇದಕ್ಕೆ ದೇಶಕ್ಕೆಲ್ಲ ಒಂದೇ ಕಾನೂನು ಅಂತಿಲ್ಲ, ರಾಜ್ಯ ಮತ್ತು ಕೌಂಟಿ ಮಟ್ಟದ ನಿಯಮಗಳು. ಹಾಗಾಗಿಯೇ ಹೊಲದ ನಡುವೆ ನಾಲ್ಕು ಕಲ್ಲು, ಸುತ್ತ ತುಕ್ಕು ಹಿಡಿದ ಕಬ್ಬಿಣದ ಬೇಲಿ, ಒಂದು ಸೀಡರ್ ಮರ ಕಂಡರೆ ಅದು ಯಾವುದೋ ಮನೆತನದ ಗೋರಿ ಜಾಗ ಅಂತ ತಿಳಿಯಬೇಕು. ಕಾರ್ಟರ್ ಮನೆಯ ವಿಷಯ ಇನ್ನೂ ಬೇರೆ. ಆ ಆಸ್ತಿಯನ್ನು ಅವರು ಮೊದಲೇ ರಾಷ್ಟ್ರೀಯ ಉದ್ಯಾನ ಸೇವೆಗೆ ಬರೆದುಕೊಟ್ಟಿದ್ದರು.

ಈಗ ಪಟ್ಟಿಗೆ ಬರೋಣ. ಸಮ್ಟರ್ ಕೌಂಟಿ ಅಂದರೆ ಸುಮಾರು 30 ಸಾವಿರ ಜನ. ಆಡಳಿತ ಕೇಂದ್ರ ಅಮೆರಿಕಸ್ ಪಟ್ಟಣ, ಪ್ಲೇನ್ಸ್ ಅದರ ಪಶ್ಚಿಮಕ್ಕೆ. ಜಾರ್ಜಿಯಾದಲ್ಲಿ ಇಂಥ 159 ಕೌಂಟಿಗಳಿವೆ, ನಮ್ಮ ತಾಲ್ಲೂಕಿನ ಹಾಗೆ ಅಂದುಕೊಳ್ಳಿ. ದೊಡ್ಡ ಹೆಸರುಗಳು ಇರುವುದು ಅಮೆರಿಕಸ್‌ನ ಓಕ್ ಗ್ರೋವ್ ಸ್ಮಶಾನದಲ್ಲಿ.

ಮೊದಲನೆಯವರು ಚಾರ್ಲ್ಸ್ ಫ್ರೆಡರಿಕ್ ಕ್ರಿಸ್ಪ್. 1891ರಿಂದ 1895ರವರೆಗೆ ಅಮೆರಿಕದ ಪ್ರತಿನಿಧಿ ಸಭೆಯ ಸ್ಪೀಕರ್. ಹುಟ್ಟಿದ್ದು 1845ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ. ತಂದೆ ತಾಯಿ ಇಬ್ಬರೂ ರಂಗಭೂಮಿಯವರು, ಅಲ್ಲಿಗೆ ಹೋಗಿದ್ದಾಗ ಹುಟ್ಟಿದ ಮಗು. ಅಂತರ್ಯುದ್ಧದಲ್ಲಿ ದಕ್ಷಿಣದ ಪರ ಹೋರಾಡಿ ಸೆರೆಸಿಕ್ಕಿದ್ದ. ಆಮೇಲೆ ವಕೀಲಿ, ನ್ಯಾಯಾಧೀಶಗಿರಿ, ಕಾಂಗ್ರೆಸ್ (ಅಂದರೆ ಇಲ್ಲಿಯ ಸಂಸತ್ತು). 1896ರಲ್ಲಿ ಸೆನೆಟ್ ಸೀಟು ಇನ್ನೇನು ಕೈಗೆ ಬಂತು ಅನ್ನುವಾಗ ಅಕ್ಟೋಬರ್ 23ರಂದು ಅಟ್ಲಾಂಟಾದಲ್ಲಿ ತೀರಿಕೊಂಡ. ಖಾಲಿಯಾದ ಕಾಂಗ್ರೆಸ್ ಸೀಟಿಗೆ ಮಗ ಚಾರ್ಲ್ಸ್ ರಾಬರ್ಟ್ ಕ್ರಿಸ್ಪ್ ಬಂದ. ಅಪ್ಪ ಸ್ಪೀಕರ್ ಆಗಿದ್ದಾಗ ಸಭೆಯ ನಿಯಮಾವಳಿ ನೋಡಿಕೊಳ್ಳುವ ಅಧಿಕಾರಿಯಾಗಿದ್ದವನೂ ಇದೇ ಮಗ. ಮತ್ತೆ 1913ರಿಂದ 1932ರವರೆಗೆ ಸದಸ್ಯ. ಅಪ್ಪ ಮಗ ಇಬ್ಬರೂ ಓಕ್ ಗ್ರೋವ್‌ನಲ್ಲೇ.

ಮದ್ದೂರು ವಡೆ:
ಅಪ್ಪ ಹೋದ್ ತಕ್ಷಣ ಮಗನಿಗೆ ಟಿಕೆಟ್ಟು! ಇದನ್ನ ನಮ್ಮೋರು ಇವರಿಂದ ಕಲಿತ್ರೋ, ಇವರು ನಮ್ಮೋರಿಂದ ಕಲಿತ್ರೋ.

ಕಲ್ಲೋದುಗ:
1896, ವಡೆ ಸರ್. ಮುಹೂರ್ತ ಅವರದೇ ಮೊದಲು.

ಮೂರನೆಯವರು ಸ್ಟೀಫನ್ ಪೇಸ್, ಅಮೆರಿಕಸ್‌ನಲ್ಲಿ ವಕೀಲರಾಗಿದ್ದವರು, 1937ರಿಂದ 1951ರವರೆಗೆ ಕಾಂಗ್ರೆಸ್ ಸದಸ್ಯ. ನಾಲ್ಕನೆಯವರು ನಿಮ್ಮ ತಂದೆಯವರಿಗೆ ಗೊತ್ತಿರಬಹುದು, ಗ್ರಿಫಿನ್ ಬೆಲ್. 1977ರಿಂದ 1979ರವರೆಗೆ ಕಾರ್ಟರ್ ಸರ್ಕಾರದ ಅಟಾರ್ನಿ ಜನರಲ್. ಹುಟ್ಟಿದ್ದು ಅಮೆರಿಕಸ್‌ನಲ್ಲಿ, ದೊಡ್ಡ ವಕೀಲನಾಗಿ ಬಾಳಿದ್ದು ಅಟ್ಲಾಂಟಾದಲ್ಲಿ, 2009ರ ಜನವರಿಯಲ್ಲಿ ಸತ್ತ ಮೇಲೆ ವಾಪಸ್ ಬಂದದ್ದು ಅಮೆರಿಕಸ್‌ಗೆ.

ಇನ್ನು ಪ್ಲೇನ್ಸ್ ಹೊರವಲಯದ ಲೆಬನಾನ್ ಸ್ಮಶಾನ. ಜಿಮ್ಮಿಯ ತಂದೆ ಜೇಮ್ಸ್ ಅರ್ಲ್ ಕಾರ್ಟರ್ ಇರುವುದು ಅಲ್ಲಿ. 1952ರಲ್ಲಿ ಜಾರ್ಜಿಯಾ ವಿಧಾನಸಭೆಗೆ ಆಯ್ಕೆಯಾದರು. ಒಂದು ವರ್ಷವೂ ತುಂಬಲಿಲ್ಲ, 1953ರ ಜುಲೈನಲ್ಲಿ ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್‌ನಿಂದ ತೀರಿಕೊಂಡರು. ಜಿಮ್ಮಿ ಆಗ ನೌಕಾಪಡೆಯ ಜಲಾಂತರ್ಗಾಮಿ ವಿಭಾಗದಲ್ಲಿ ಅಧಿಕಾರಿ. ಅಪ್ಪನ ಮಣ್ಣಿಗೆ ಬಂದವರು ಕೆಲಸಕ್ಕೆ ರಾಜೀನಾಮೆ ಕೊಟ್ಟು ಕಡಲೆಕಾಯಿ ವ್ಯಾಪಾರಕ್ಕೆ ನಿಂತರು. ರೋಸಲಿನ್‌ಗೆ ಊರಿಗೆ ವಾಪಸಾಗುವುದು ಒಂಚೂರೂ ಇಷ್ಟವಿರಲಿಲ್ಲವಂತೆ. ನನಗೆ ಕೇಳಿದರೆ ಆ ಕೌಂಟಿಯಲ್ಲಿ ಮೊದಲು ನೋಡಬೇಕಾದದ್ದು ಈ ಗೋರಿಯನ್ನೇ. ಅಪ್ಪ ಇನ್ನೊಂದು ಇಪ್ಪತ್ತು ವರ್ಷ ಬದುಕಿದ್ದರೆ ಮಗ ನೌಕಾಪಡೆಯಲ್ಲೇ ಅಡ್ಮಿರಲ್ ಆಗಿ ನಿವೃತ್ತನಾಗುತ್ತಿದ್ದನೇನೋ.

ಲೆಬನಾನ್‌ನಲ್ಲೇ ತಾಯಿ ಲಿಲಿಯನ್, ತಮ್ಮ ಬಿಲ್ಲಿ, ತಂಗಿ ಗ್ಲೋರಿಯಾ ಕೂಡ ಇದ್ದಾರೆ. ಆದರೆ ರಾಜಕಾರಣಿಗಳ ಪಟ್ಟಿಗೆ ಅರ್ಲ್ ಒಬ್ಬರೇ ಸೇರುವುದು.

ಬಸವನ ಬಾಗೇವಾಡಿ ಅಕ್ಕ:
ತಡೀರಿ. ಲಿಲಿಯನ್ ಯಾಕ ಸೇರಂಗಿಲ್ಲ? ಆಕಿ ನಮ್ಮ ದೇಶಕ್ಕ ಬಂದಾಕಿ. 68 ವರ್ಷದಾಗ ಪೀಸ್ ಕಾರ್ಪ್ಸ್ ಅನ್ನೋ ಅಮೆರಿಕಾದ ಸ್ವಯಂಸೇವಕರ ಸಂಸ್ಥೆ ಸೇರಿ ಮುಂಬೈ ಕಡೆ ವಿಕ್ರೋಲಿಯೊಳಗ ನರ್ಸ್ ಕೆಲಸ ಮಾಡ್ಯಾಳ, 1966ರಿಂದ 68ರ ತನಕ. ನಮ್ಮಜ್ಜಿ ಆ ವಯಸ್ಸಿನಾಗ ವಿಜಾಪುರಕ್ಕ ಹೋಗಾಕೂ ಒಲ್ಲೆ ಅಂತಿದ್ಲು.

ಹಳೇಪೇಟೆ ಶಾನುಭೋಗ:
ಅಕ್ಕನವರ ಮಾತಿಗೆ ಬಲ ಇದೆ. 1977ರ ಫೆಬ್ರುವರಿಯಲ್ಲಿ ನಮ್ಮ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಅಮೆರಿಕದ ಪರವಾಗಿ ಅಂತ್ಯಕ್ರಿಯೆಗೆ ದೆಹಲಿಗೆ ಬಂದದ್ದು ಈ ಲಿಲಿಯನ್ ಅವರೇ. ಮಗ ಅಧ್ಯಕ್ಷನಾಗಿ ಆಗಿನ್ನೂ ಒಂದು ತಿಂಗಳೂ ಆಗಿರಲಿಲ್ಲ. ಒಂದು ದೇಶದ ಪ್ರತಿನಿಧಿಯಾಗಿ ಇನ್ನೊಂದು ದೇಶದ ರಾಷ್ಟ್ರಪತಿಯ ದಫನ್‌ಗೆ ಹೋದವರು ರಾಜಕಾರಣಿ ಅಲ್ಲ ಅಂದರೆ ಹೇಗೆ?

ಕಲ್ಲೋದುಗ:
ಶಾನುಭೋಗರೇ, ಅದು ಗೌರವದ ಕೆಲಸ, ಹುದ್ದೆ ಅಲ್ಲ. ಇಂಥ ಕೌಂಟಿವಾರು ಪಟ್ಟಿ ಮಾಡುವವರು ಒಂದು ಗೆರೆ ಎಳೆಯಲೇಬೇಕು. ಚುನಾವಣೆಗೆ ನಿಂತವರು, ಹುದ್ದೆಗೆ ನೇಮಕವಾದವರು, ಪಕ್ಷದ ಸಮಾವೇಶಕ್ಕೆ ಪ್ರತಿನಿಧಿಯಾಗಿ ಹೋದವರು, ಸಾಮಾನ್ಯವಾಗಿ ಇಷ್ಟೇ.

ಮದ್ದೂರು ವಡೆ:
ನಿಂತವರು ಅಂದ್ರಿ. ಗೆದ್ದವರು ಅಂತ ಹೇಳ್ಲಿಲ್ಲ. ಹಂಗಾದ್ರೆ ಬಿಲ್ಲಿ ಸೇರ್ತಾನೆ! 1976ರಲ್ಲಿ ಪ್ಲೇನ್ಸ್ ಮೇಯರ್ ಎಲೆಕ್ಷನ್‌ಗೆ ನಿಂತಿದ್ದ ಅವನು. ಅಣ್ಣ ಇಡೀ ದೇಶ ಗೆದ್ದ ವರ್ಷದಲ್ಲೇ ತಮ್ಮ ಊರಲ್ಲಿ ಸೋತ.

ದಾವಣಗೆರೆ ಬೆಣ್ಣೆ:
ಬಿಲ್ಲಿ ಅಂದ್ರೆ ಪೆಟ್ರೋಲ್ ಬಂಕ್ ಇಟ್ಕೊಂಡಿದ್ದವರಾ? ಅದನ್ನ ಈಗ ಮ್ಯೂಸಿಯಂ ಮಾಡಿದ್ದಾರೆ, ನಾವು ಹೋದಾಗ ನೋಡಿದ್ವಿ. ಅವರ ಹೆಸರಲ್ಲೇ ಬಿಯರ್ ಕೂಡ ಬಂದಿತ್ತಂತೆ. ಆಮೇಲೆ ಲಿಬಿಯಾ ಸರ್ಕಾರದ ಜೊತೆ ದುಡ್ಡಿನ ವ್ಯವಹಾರ ಮಾಡಿ ಅಣ್ಣನಿಗೆ ತಲೆನೋವು ತಂದಿಟ್ಟವರೂ ಇವರೇ ಅಲ್ವಾ.

ಕಲ್ಲೋದುಗ:
ಇವರೇ. 1988ರಲ್ಲಿ ಹೋದರು, ಐವತ್ತೊಂದು ವಯಸ್ಸು, ಅಪ್ಪನಿಗೆ ಬಂದಿದ್ದ ಅದೇ ಕ್ಯಾನ್ಸರ್. ಅಪ್ಪ, ತಮ್ಮ, ಇಬ್ಬರು ತಂಗಿಯರು, ನಾಲ್ವರನ್ನೂ ಅದೇ ಕಾಯಿಲೆ ತಗೊಂಡು ಹೋಯಿತು. ಜಿಮ್ಮಿ ಒಬ್ಬರೇ ನೂರು ಮುಟ್ಟಿದ್ದು.

ಬಿಲ್ಲಿಯನ್ನು ಪಟ್ಟಿಗೆ ಸೇರಿಸುವ ವಿಚಾರ ಪಂಚಾಯ್ತಿಗೆ ಬಿಟ್ಟಿದ್ದೇನೆ.

ಅರಸೀಕೆರೆ ಜಂಕ್ಷನ್:
ಅಬ್ಬಾ, ಇಷ್ಟೊಂದಿದೆ ಅಂತ ಗೊತ್ತಿರಲಿಲ್ಲ. ಅಪ್ಪನಿಗೆ ಓದಿ ಹೇಳ್ತಾ ಇದೀನಿ. ಓಕ್ ಗ್ರೋವ್ ದೊಡ್ಡದಿದ್ರೆ ಅಷ್ಟರಲ್ಲಿ ಸ್ಪೀಕರ್ ಸಮಾಧಿ ಹುಡುಕೋದು ಹೇಗೆ?

ದಾವಣಗೆರೆ ಬೆಣ್ಣೆ:
ದಕ್ಷಿಣದ ಇಂಥ ಹಳೇ ಸ್ಮಶಾನಗಳಲ್ಲಿ ಓಡಾಡಿದವಳಾಗಿ ಹೇಳ್ತೀನಿ: ಮನೆತನದ ಹೆಸರು ನೋಡಿಕೊಂಡು ಹೋಗಿ, ವ್ಯಕ್ತಿಯ ಹೆಸರು ಹುಡುಕಬೇಡಿ. ಒಂದೊಂದು ಕುಟುಂಬಕ್ಕೆ ಒಂದೊಂದು ಪಾತಿ ಇರುತ್ತೆ, ಸುತ್ತ ಮೊಳಕಾಲಿಗಿಂತ ಕಡಿಮೆ ಎತ್ತರದ ಕಲ್ಲಿನ ಅಂಚು. ನಡುವೆ ಮನೆತನದ ಹೆಸರಷ್ಟೇ ಕೆತ್ತಿದ ದೊಡ್ಡ ಕಲ್ಲು, ಅದರ ಸುತ್ತ ಒಬ್ಬೊಬ್ಬರ ಚಿಕ್ಕ ಕಲ್ಲುಗಳು. ಹಳೇ ಅಮೃತಶಿಲೆಯ ಮೇಲೆ ಕಪ್ಪು ಕಲೆ ಹತ್ತಿ ಅಕ್ಷರ ಸವೆದಿರುತ್ತೆ. ಬೆಳಗಿನ ಅಥವಾ ಇಳಿಹೊತ್ತಿನ ಓರೆ ಬಿಸಿಲಲ್ಲಿ ನೋಡಿದರೆ ಓದೋಕೆ ಬರುತ್ತೆ, ನೆತ್ತಿ ಬಿಸಿಲಲ್ಲಿ ಏನೂ ಕಾಣಲ್ಲ. ದಯವಿಟ್ಟು ಬ್ರಷ್, ಸೋಪು ಹಾಕಿ ಉಜ್ಜೋಕೆ ಹೋಗಬೇಡಿ, ಕಲ್ಲು ಪುಡಿಪುಡಿಯಾಗಿ ಉದುರುತ್ತೆ.

ನನಗೆ ಮೊದಮೊದಲು ಗಾಬರಿ ಆಗ್ತಿದ್ದದ್ದು ಜೋಡಿ ಕಲ್ಲುಗಳನ್ನ ನೋಡಿ. ಎಡಗಡೆ ಗಂಡನ ಹೆಸರು, ಹುಟ್ಟಿದ ದಿನ, ಸತ್ತ ದಿನ. ಬಲಗಡೆ ಹೆಂಡತಿ ಹೆಸರು, ಹುಟ್ಟಿದ ವರ್ಷ, ಒಂದು ಅಡ್ಡಗೆರೆ, ಆಮೇಲೆ ಖಾಲಿ. ಅಂದ್ರೆ ಆಯಮ್ಮ ಇನ್ನೂ ಬದುಕಿದ್ದಾರೆ, ಭಾನುವಾರ ಚರ್ಚ್ ಮುಗಿಸಿ ಬಂದು ತನ್ನದೇ ಹೆಸರಿನ ಕಲ್ಲಿಗೆ ಹೂವಿಟ್ಟು ಹೋಗ್ತಾರೆ! ನಮ್ಮಮ್ಮನಿಗೆ ಫೋಟೊ ಕಳಿಸಿದ್ದೆ. "ಥೂ, ಬಿಡ್ತು ಅನ್ನು" ಅಂತ ಎರಡು ದಿನ ಫೋನೇ ಎತ್ತಲಿಲ್ಲ.

ಹಳೇಪೇಟೆ ಶಾನುಭೋಗ:
ಇನ್ನೊಂದು ಎಚ್ಚರಿಕೆ ಸೇರಿಸುತ್ತೇನೆ. ಕಲ್ಲಿನ ಮೇಲೆ ಹೆಸರಿದೆ ಅಂದಮಾತ್ರಕ್ಕೆ ದೇಹವೂ ಅಲ್ಲೇ ಇದೆ ಅಂತಲ್ಲ. ವಾಷಿಂಗ್ಟನ್‌ನಲ್ಲಿ ಕಾಂಗ್ರೆಷನಲ್ ಸ್ಮಶಾನ ಅಂತ ಒಂದಿದೆ. ಅಲ್ಲಿ ಅಧಿಕಾರದಲ್ಲಿದ್ದಾಗ ಸತ್ತ ಕಾಂಗ್ರೆಸ್ ಸದಸ್ಯರ ಹೆಸರಲ್ಲಿ ಒಂದೇ ಅಚ್ಚಿನ ದಪ್ಪ ಕಲ್ಲುಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ, ಅವುಗಳಲ್ಲಿ ಹೆಚ್ಚಿನವುಗಳ ಕೆಳಗೆ ಯಾರೂ ಇಲ್ಲ. ಇನ್ನು ಕೆಲವರನ್ನು ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಹೂಳಿದ್ದಾರೆ. ಜಾರ್ಜಿಯಾದವರೇ ಆದ ಅಲೆಕ್ಸಾಂಡರ್ ಸ್ಟೀಫನ್ಸ್, ಅಂತರ್ಯುದ್ಧದ ಕಾಲದ ದಕ್ಷಿಣ ಒಕ್ಕೂಟದ ಉಪಾಧ್ಯಕ್ಷ, 1883ರಲ್ಲಿ ರಾಜ್ಯಪಾಲನಾಗಿದ್ದಾಗಲೇ ಸತ್ತ. ಮೊದಲು ಅಟ್ಲಾಂಟಾದ ಓಕ್‌ಲೆಂಡ್ ಸ್ಮಶಾನ, ಆಮೇಲೆ ಅಲ್ಲಿಂದ ತೆಗೆದು ಕ್ರಾಫರ್ಡ್‌ವಿಲ್‌ನ ಸ್ವಂತ ಮನೆ ಮುಂದೆ. ಆ ಟಾಲಿವರ್ ಕೌಂಟಿಯಲ್ಲಿ ಈಗ ಎರಡು ಸಾವಿರ ಜನವೂ ಇಲ್ಲ. (ಬರೆಯುವುದು ಟಾಲಿಯಾಫೆರೋ, ಕರೆಯುವುದು ಟಾಲಿವರ್. ದಾರಿ ಕೇಳುವಾಗ ನೆನಪಿರಲಿ.)

ನೀರ್ದೋಸೆ:
ಎಲ್ಲ ಓದುತ್ತಾ ಬಂದೆ. ಒಂದು ಪ್ರಶ್ನೆ ಕೇಳುತ್ತೇನೆ, ಬೇಸರ ಮಾಡಬೇಡಿ. ಈ ಪಟ್ಟಿಯಲ್ಲಿ ಇರುವವರೆಲ್ಲ ಬಿಳಿಯರೇ ಯಾಕೆ? ಸಮ್ಟರ್‌ನಲ್ಲಿ ಅರ್ಧದಷ್ಟು ಜನ ಕಪ್ಪು ವರ್ಣೀಯರು ಅಲ್ಲವಾ?

ಕಲ್ಲೋದುಗ:
ಬೇಸರ ಯಾಕೆ, ಇದನ್ನು ಯಾರಾದರೂ ಕೇಳಲೇಬೇಕಿತ್ತು.

ಪಟ್ಟಿಗೆ ಸೇರಬೇಕಾದರೆ ಚುನಾವಣೆಗೆ ನಿಲ್ಲಬೇಕು. ನಿಲ್ಲುವುದಿರಲಿ, ಮತ ಹಾಕುವುದಕ್ಕೇ ಬಿಡದಿದ್ದರೆ? 1908ರಲ್ಲಿ ಜಾರ್ಜಿಯಾ ತನ್ನ ಸಂವಿಧಾನ ತಿದ್ದಿ ಓದುಬರಹದ ಪರೀಕ್ಷೆ, ಆಸ್ತಿಯ ಷರತ್ತು ಎಲ್ಲ ತಂದು ಕಪ್ಪು ಮತದಾರರನ್ನು ಹೆಚ್ಚುಕಡಿಮೆ ಪೂರ್ತಿ ಹೊರಗಿಟ್ಟಿತು. ಡೆಮಾಕ್ರಟಿಕ್ ಪಕ್ಷದ ಒಳಚುನಾವಣೆ 1940ರ ದಶಕದ ನಡುವಿನವರೆಗೂ ಬಿಳಿಯರಿಗೆ ಮಾತ್ರ. ಆ ಪಕ್ಷ ಬಿಟ್ಟರೆ ಬೇರೆ ಪಕ್ಷವೇ ಇಲ್ಲದ ಊರಲ್ಲಿ ಒಳಚುನಾವಣೆಯೇ ಚುನಾವಣೆ. ಕಿರಿಯ ಕ್ರಿಸ್ಪ್ ಹತ್ತೊಂಬತ್ತು ವರ್ಷ ಕಾಂಗ್ರೆಸ್‌ನಲ್ಲಿ ಕೂತದ್ದು ಇಂಥ ವ್ಯವಸ್ಥೆಯಲ್ಲಿ.

1965ರ ಜುಲೈಗೆ ಬನ್ನಿ. ಅಮೆರಿಕಸ್‌ನಲ್ಲಿ ಸ್ಥಳೀಯ ಚುನಾವಣೆ. ಬಿಳಿ ಹೆಂಗಸರಿಗೆ ಒಂದು ಸಾಲು, ಕಪ್ಪು ಜನರಿಗೆ ಬೇರೆ ಸಾಲು. ಬಿಳಿ ಹೆಂಗಸರ ಸಾಲಿನಲ್ಲಿ ಬಂದು ನಿಂತ ನಾಲ್ವರು ಕಪ್ಪು ಮಹಿಳೆಯರನ್ನು ಪೊಲೀಸರು ಹಿಡಿದುಕೊಂಡು ಹೋದರು. ಆ ನಾಲ್ವರಲ್ಲಿ ಒಬ್ಬರು ಅದೇ ಚುನಾವಣೆಯ ಅಭ್ಯರ್ಥಿ! ತನ್ನ ಮತವನ್ನು ತಾನು ಹಾಕಿಕೊಳ್ಳುವುದಕ್ಕೆ ನಿಂತದ್ದು ಅಪರಾಧವಾಯಿತು. ಮರುತಿಂಗಳು, ಆಗಸ್ಟ್ 6ರಂದು, ಮತದಾನ ಹಕ್ಕು ಕಾಯ್ದೆಗೆ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದರು.

ಸತ್ತ ಮೇಲೂ ಅಷ್ಟೇ. ಆ ಕಾಲದ ದಕ್ಷಿಣದ ಪಟ್ಟಣಗಳಲ್ಲಿ ಬಿಳಿಯರಿಗೊಂದು ಸ್ಮಶಾನ, ಕಪ್ಪು ಜನರಿಗೊಂದು. ಚರ್ಚೂ ಹಾಗೇ. ಈ ಎಳೆದಾಟದಲ್ಲೇ 1977ರಲ್ಲಿ ಪ್ಲೇನ್ಸ್ ಬ್ಯಾಪ್ಟಿಸ್ಟ್ ಚರ್ಚು ಒಡೆದು ಹೋಳಾಯಿತು, ಹೊರಬಂದವರು ಕಟ್ಟಿಕೊಂಡದ್ದೇ ಮರನಾಥಾ. ಕಾರ್ಟರ್ ಅಧ್ಯಕ್ಷಗಿರಿ ಮುಗಿಸಿ ಬಂದು ಸೇರಿದ್ದು ಈ ಒಡೆದುಬಂದ ಚರ್ಚಿಗೆ, ಕೊನೆಯ ಪ್ರಾರ್ಥನೆ ನಡೆದದ್ದೂ ಅಲ್ಲೇ.

ಬಸವನ ಬಾಗೇವಾಡಿ ಅಕ್ಕ:
ತನ್ನ ವೋಟು ತಾನ ಹಾಕಾಕ ನಿಂತಾಕಿನ್ನ ಜೈಲಿಗೆ ಹಾಕಿದ್ರಾ! ಅಂಥಾಕಿ ಹೆಸರು ಪಟ್ಟಿಯೊಳಗ ಮೊದಲ ಬರಬೇಕ್ರಿ.

ಕಲ್ಲೋದುಗ:
ಚುನಾವಣೆಗೆ ನಿಂತವರೆಲ್ಲ ಸೇರಬೇಕು ಅನ್ನುವ ವಡೆ ಸರ್ ನಿಯಮ ಹಿಡಿದರೆ ಸೇರಲೇಬೇಕು. ಈ ಕಾರಣಕ್ಕೆ ನಾನೂ ಆ ನಿಯಮದ ಪರ.

ನೀರ್ದೋಸೆ:
ಧನ್ಯವಾದ. ಇದೇ ಕೌಂಟಿಯಲ್ಲಿ ಕೊಯಿನೋನಿಯಾ ಫಾರ್ಮ್ ಇದೆ, ಅದನ್ನೂ ಇಲ್ಲಿ ಸೇರಿಸುತ್ತೇನೆ. 1942ರಲ್ಲಿ ಕ್ಲಾರೆನ್ಸ್ ಜೋರ್ಡನ್ ಮತ್ತು ಸಂಗಡಿಗರು ಕಪ್ಪು ಬಿಳಿ ಅನ್ನದೆ ಒಟ್ಟಿಗೆ ದುಡಿದು ಒಟ್ಟಿಗೆ ಉಣ್ಣುವ ತೋಟ ಕಟ್ಟಿದರು. 1950ರ ದಶಕದಲ್ಲಿ ಅದರ ಮೇಲೆ ಗುಂಡು ಹಾರಿಸಿದ್ದಾರೆ, ಬಾಂಬ್ ಹಾಕಿದ್ದಾರೆ. ಊರಿನ ಅಂಗಡಿಯವರು ಗೊಬ್ಬರ, ಬೀಜ ಕೂಡ ಕೊಡಲಿಲ್ಲ. ಬದುಕಿಕೊಂಡದ್ದು ಪೆಕಾನ್ ಬೀಜವನ್ನು ಅಂಚೆಯಲ್ಲಿ ದೂರದ ಊರುಗಳಿಗೆ ಮಾರಿ. 1969ರ ಅಕ್ಟೋಬರ್‌ನಲ್ಲಿ ಜೋರ್ಡನ್ ಸತ್ತಾಗ ಸಾದಾ ಮರದ ಪೆಟ್ಟಿಗೆಯಲ್ಲಿಟ್ಟು ತೋಟದಲ್ಲೇ ಹೂಳಿದರು, ಮೇಲೆ ಹೆಸರಿನ ಕಲ್ಲಿಲ್ಲ. ಬಡವರಿಗೆ ಮನೆ ಕಟ್ಟಿಕೊಡುವ ಹ್ಯಾಬಿಟಾಟ್ ಸಂಸ್ಥೆ ಶುರುಮಾಡಿದ ಮಿಲ್ಲರ್ಡ್ ಫುಲ್ಲರ್ 2009ರಲ್ಲಿ ಹೋದಾಗಲೂ ಹಾಗೇ, ಅದೇ ತೋಟದಲ್ಲಿ, ಹೆಸರಿಲ್ಲದೆ. ಇಬ್ಬರೂ ರಾಜಕಾರಣಿಗಳಲ್ಲ. ಆದರೆ ಕಾರ್ಟರ್ ಸುತ್ತಿಗೆ ಹಿಡಿದು ಮನೆ ಕಟ್ಟುವ ಫೋಟೊ ಜಗತ್ತೆಲ್ಲ ನೋಡಿದೆಯಲ್ಲ, ಆ ಕೆಲಸದ ಬೇರು ಇಲ್ಲಿದೆ. ಅಲ್ಲಿಗೂ ಹೋಗಿಬನ್ನಿ.

ಹಳೇಪೇಟೆ ಶಾನುಭೋಗ:
ಸತ್ತವರಿಗೂ ಈ ಕಡೆಯ ಚುನಾವಣೆಗೂ ಇನ್ನೊಂದು ನಂಟಿದೆ, ಅದನ್ನು ಹೇಳದೆ ಬಿಡುವಂತಿಲ್ಲ. 1962ರಲ್ಲಿ ಕಾರ್ಟರ್ ಮೊದಲ ಸಲ ಜಾರ್ಜಿಯಾ ಸೆನೆಟ್‌ಗೆ ನಿಂತರು. ಕ್ಷೇತ್ರದಲ್ಲಿ ಕ್ವಿಟ್‌ಮನ್ ಅನ್ನುವ ಪುಟ್ಟ ಕೌಂಟಿಯೂ ಸೇರಿತ್ತು. ಅಲ್ಲಿನ ಧಣಿ ಜೋ ಹರ್ಸ್ಟ್, ಜನ ಯಾರಿಗೆ ಮತ ಹಾಕಬೇಕು ಅಂತ ನಿಂತು ನೋಡುತ್ತಿದ್ದವನು. ಎಣಿಕೆ ಮುಗಿದಾಗ ಕಾರ್ಟರ್ ಸೋತಿದ್ದರು. ಕೋರ್ಟಿಗೆ ಹೋದರು. ನೋಡಿದರೆ ಆ ಮತಗಟ್ಟೆಗೆ ಬಂದವರು 333 ಜನ, ಪೆಟ್ಟಿಗೆಯಲ್ಲಿದ್ದ ಮತಪತ್ರ 420! ಊರು ಬಿಟ್ಟವರು, ಸೆರೆಮನೆಯಲ್ಲಿದ್ದವರು, ಸತ್ತವರು ಎಲ್ಲ ಬಂದು ಮತ ಹಾಕಿದ್ದರು. ಅದೂ ಹಲವರು ಅಕಾರಾದಿ ಕ್ರಮದಲ್ಲಿ ಸಾಲಾಗಿ ನಿಂತು.

ಮದ್ದೂರು ವಡೆ:
420! ಶಾನುಭೋಗ್ರೇ, ನೀವೇ ಸೇರಿಸಿದ್ದಲ್ಲ ತಾನೇ? ಆ ನಂಬರ್ರಿನ ಮರ್ಯಾದೆ ಜಾರ್ಜಿಯಾದೋರಿಗೆ ಹೆಂಗ್ ಗೊತ್ತಾಯ್ತು?

ಹಳೇಪೇಟೆ ಶಾನುಭೋಗ:
ದೇವರಾಣೆ ಇಲ್ಲ ಮಾರಾಯರೇ, ಕಾರ್ಟರ್ ಅವರೇ ಬರೆದುಕೊಂಡಿದ್ದಾರೆ. ಕೊನೆಗೆ ಆ ಪೆಟ್ಟಿಗೆಯನ್ನು ಕೈಬಿಟ್ಟರು, ಕಾರ್ಟರ್ ಗೆದ್ದರು. ಅಲ್ಲಿ ಸೋತಿದ್ದರೆ ರಾಜ್ಯಪಾಲನೂ ಇಲ್ಲ, ಅಧ್ಯಕ್ಷನೂ ಇಲ್ಲ.

ದಾವಣಗೆರೆ ಬೆಣ್ಣೆ:
ನಾವು ಟೆಕ್ಸಾಸ್‌ನಲ್ಲಿದ್ದಾಗ ಲಿಂಡನ್ ಜಾನ್ಸನ್ ಸಮಾಧಿ ನೋಡಿದ್ವಿ, ಗಿಲೆಸ್ಪಿ ಕೌಂಟಿಯಲ್ಲಿ. ಅದೂ ಹೀಗೇ, ಸ್ವಂತ ರಾಂಚಿನ ಪಕ್ಕ, ಪೆಡರ್ನಾಲಿಸ್ ಹೊಳೆ ದಂಡೇಲಿ. ಕಲ್ಲಿನ ಗೋಡೆಯೊಳಗೆ ದೊಡ್ಡ ಓಕ್ ಮರಗಳ ಕೆಳಗೆ ಇಡೀ ಮನೆತನ ಇದೆ. ಅವರಪ್ಪನೂ ಟೆಕ್ಸಾಸ್ ಶಾಸಕರಾಗಿದ್ದವರು, ಮಗನ ಜೊತೆಗೇ ಇದ್ದಾರೆ. ಇದು ದನ ಸಾಕೋ ರಾಂಚಾಗಿಯೇ ಮುಂದುವರೀಬೇಕು ಅಂತ ಷರತ್ತು ಹಾಕಿ ಸರ್ಕಾರಕ್ಕೆ ಬರೆದುಕೊಟ್ಟಿದ್ದರಂತೆ. ಈಗಲೂ ದನ ಮೇಯ್ತಾ ಇರ್ತವೆ, ನಮ್ಮ ಮಗ ಸಮಾಧಿ ಬಿಟ್ಟು ಕರು ನೋಡ್ತಾ ನಿಂತಿದ್ದ.

ಕಲ್ಲೋದುಗ:
ನನ್ನ ಮೆಚ್ಚಿನದು ವರ್ಮಾಂಟ್‌ನ ಪ್ಲಿಮತ್ ನಾಚ್. ಕ್ಯಾಲ್ವಿನ್ ಕೂಲಿಜ್ ಇರುವುದು ಅಲ್ಲಿ. ಗುಡ್ಡದ ಇಳಿಜಾರಿನ ಊರ ಸ್ಮಶಾನ, ಮನೆತನದವರ ಸಾಲಿನಲ್ಲಿ ಒಂದು ಸಾದಾ ಗ್ರಾನೈಟ್ ಕಲ್ಲು. ಹೆಸರು, ತೇದಿ, ಮೇಲೆ ಅಧ್ಯಕ್ಷರ ಮುದ್ರೆ, ಅಷ್ಟೇ. ಆ ಮುದ್ರೆ ಇಲ್ಲದಿದ್ದರೆ ಪಕ್ಕದ ಕಲ್ಲಿಗೂ ಇದಕ್ಕೂ ವ್ಯತ್ಯಾಸ ಹೇಳುವುದು ಕಷ್ಟ. ಪಕ್ಕದಲ್ಲೇ 16 ವರ್ಷಕ್ಕೆ ಹೋದ ಮಗ. 1924ರಲ್ಲಿ, ಅಪ್ಪ ಶ್ವೇತಭವನದಲ್ಲಿದ್ದಾಗ, ಟೆನಿಸ್ ಆಡಿ ಕಾಲಿಗೆ ಬೊಬ್ಬೆ ಬಂತು, ಅದು ನಂಜಾಗಿ ಒಂದು ವಾರದಲ್ಲೇ ಹುಡುಗ ಹೋದ. ಅದೇ ಸ್ಮಶಾನದಲ್ಲಿ ಕೂಲಿಜ್‌ನ ಅಪ್ಪ. 1923ರ ಆಗಸ್ಟ್ 3ರ ನಡುರಾತ್ರಿ ಕಳೆದ ಮೇಲೆ ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ಮಗನಿಗೆ ಅಧ್ಯಕ್ಷ ಪದವಿಯ ಪ್ರಮಾಣವಚನ ಬೋಧಿಸಿದವರು ಈತನೇ, ಊರಿನ ನೋಟರಿ ಆಗಿದ್ದರು.

ಅರಸೀಕೆರೆ ಜಂಕ್ಷನ್:
ಅಪ್ಪ ಹೇಳಿದ್ದು: "ನೋಟರಿ ಫೀಸ್ ಎಷ್ಟು ತಗೊಂಡ್ರಂತೆ ಕೇಳು." ಜೀವನ ಪೂರ್ತಿ ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ಕಳೆದವರು, ಕ್ಷಮಿಸಿ.

ಈಗ ಹೋಗೋ ದಾರಿ ಹೇಳಿ. ಐ-75ರಲ್ಲಿ ಇಳಿದು ಹೋಗೋದು ಅಂತ ಗೊತ್ತು.

ಕಲ್ಲೋದುಗ:
ಐ-75ರಲ್ಲಿ ಕಾರ್ಡೀಲ್‌ವರೆಗೆ ಬನ್ನಿ. ಅದು ಪಕ್ಕದ ಕೌಂಟಿ, ಹೆಸರು ಕ್ರಿಸ್ಪ್ ಕೌಂಟಿ! 1905ರಲ್ಲಿ ಹೊಸದಾಗಿ ಮಾಡಿದಾಗ ನಮ್ಮ ಸ್ಪೀಕರ್ ಹೆಸರನ್ನೇ ಇಟ್ಟರು. ಹೆಸರು ಒಂದು ಕೌಂಟಿಯಲ್ಲಿ, ಹೆಣ ಇನ್ನೊಂದು ಕೌಂಟಿಯಲ್ಲಿ. ಅಲ್ಲಿಂದ ಪಶ್ಚಿಮಕ್ಕೆ ಅಮೆರಿಕಸ್, ಆಮೇಲೆ ಪ್ಲೇನ್ಸ್. ಸ್ಮಶಾನಗಳಿಗೆ ಕತ್ತಲಾಗುವ ಮೊದಲೇ ಹೋಗಿ. ಕಾರ್ಟರ್ ಸಮಾಧಿ ನೋಡುವ ಸಮಯವನ್ನು ಮಾತ್ರ ಹೊರಡುವ ಮುಂಚೆ ಪ್ಲೇನ್ಸ್‌ನ ಉದ್ಯಾನ ಸೇವೆಯವರ ಹತ್ತಿರ ವಿಚಾರಿಸಿಕೊಳ್ಳಿ.

ಮದ್ದೂರು ವಡೆ:
ಕಿರಿಯ ಕ್ರಿಸ್ಪ್ 1932ರಲ್ಲಿ ಯಾಕೆ ಬಿಟ್ಟ? ಹೇಳ್ಲೇ ಇಲ್ಲ ನೀವು.

ಕಲ್ಲೋದುಗ:
ಸೆನೆಟ್‌ಗೆ ನಿಂತು ಸೋತ. ಸೋಲಿಸಿದವರು ರಿಚರ್ಡ್ ರಸೆಲ್, ಆಗ ಮೂವತ್ನಾಲ್ಕು ವಯಸ್ಸಿನ ರಾಜ್ಯಪಾಲ. ಆಮೇಲೆ 1971ರಲ್ಲಿ ಸಾಯುವವರೆಗೂ ರಸೆಲ್ ಸೆನೆಟ್ ಬಿಟ್ಟು ಕದಲಲಿಲ್ಲ. ಅವರ ಸಮಾಧಿ ವಿಂಡರ್‌ನಲ್ಲಿ, ಬ್ಯಾರೋ ಕೌಂಟಿ, ಮನೆ ಹಿಂದಿನ ಕುಟುಂಬದ ಸ್ಮಶಾನದಲ್ಲಿ. ಅಪ್ಪ ರಾಜ್ಯದ ಮುಖ್ಯ ನ್ಯಾಯಮೂರ್ತಿ, ಅವರೂ ಅಲ್ಲೇ. ನಾಗರಿಕ ಹಕ್ಕು ಮಸೂದೆಗಳನ್ನು ಸೆನೆಟ್‌ನಲ್ಲಿ ತಡೆದು ನಿಲ್ಲಿಸುತ್ತಿದ್ದವರ ಮುಂದಾಳು ಈ ರಸೆಲ್. ಅಮೆರಿಕಸ್‌ನ ಆ ಎರಡು ಸಾಲು 1965ರವರೆಗೂ ಹಾಗೇ ಉಳಿದದ್ದರಲ್ಲಿ ಅವರ ಪಾಲೂ ಇದೆ. ವಿಂಡರ್ ಅಟ್ಲಾಂಟಾದಿಂದ ಒಂದು ಗಂಟೆ, ಇನ್ನೊಂದು ವಾರಾಂತ್ಯಕ್ಕೆ ಇಟ್ಟುಕೊಳ್ಳಿ.

ದಾವಣಗೆರೆ ಬೆಣ್ಣೆ:
ಜಂಕ್ಷನ್ ಅವರೇ, ನಿಮ್ಮ ಹೆಸರು ನೋಡಿ ಹೇಳ್ತಾ ಇದೀನಿ. ಕಾರ್ಡೀಲ್‌ನಿಂದ ಅಮೆರಿಕಸ್, ಪ್ಲೇನ್ಸ್, ಕಾರ್ಟರ್ ಬೆಳೆದ ಆರ್ಚರಿ ತೋಟದವರೆಗೆ ಹಳೇ ಡಬ್ಬಿಗಳ ಪ್ರವಾಸಿ ರೈಲು ಇದೆ, ಸ್ಯಾಮ್ ಶಾರ್ಟ್‌ಲೈನ್ ಅಂತ. ದಿನಾ ಓಡಲ್ಲ, ಗೊತ್ತಾದ ದಿನಗಳಲ್ಲಿ ಮಾತ್ರ, ಮುಂಚೆ ಟಿಕೆಟ್ ಮಾಡಿಸಬೇಕು. ಕಾರ್ಡೀಲ್‌ನವರು ತಮ್ಮೂರನ್ನ ಜಗತ್ತಿನ ಕಲ್ಲಂಗಡಿ ರಾಜಧಾನಿ ಅಂತ ಕರ್ಕೋತಾರೆ, ಜೂನ್ ಜುಲೈಗೆ ಹೋದ್ರೆ ಹಣ್ಣು ಚೆನ್ನಾಗಿರುತ್ತೆ. ಪ್ಲೇನ್ಸ್‌ನಲ್ಲಿ ಕಡಲೆಕಾಯಿ ಐಸ್‌ಕ್ರೀಂ ಸಿಗುತ್ತೆ. ಮನೆಯವರನ್ನ ಒಪ್ಪಿಸೋಕೆ ಇಷ್ಟು ಸಾಕು, ಸ್ಮಶಾನದ ಮಾತು ರೈಲು ಹತ್ತಿದ ಮೇಲೆ ತೆಗೀರಿ.

ಅರಸೀಕೆರೆ ಜಂಕ್ಷನ್:
ರೈಲಾ! ಇದನ್ನ ಮೊದಲೇ ಹೇಳಬಾರದಿತ್ತಾ ಅಕ್ಕಾ. ಟಿಕೆಟ್ ನೋಡ್ತಾ ಇದೀನಿ. ಆದರೆ ರೈಲು ಅಮೆರಿಕಸ್‌ನಲ್ಲಿ ಎಷ್ಟು ಹೊತ್ತು ನಿಲ್ಲುತ್ತೆ? ಓಕ್ ಗ್ರೋವ್‌ಗೆ ನಡ್ಕೊಂಡು ಹೋಗಿ ಬರೋಷ್ಟು ಸಮಯ ಸಿಗುತ್ತಾ, ಅಪ್ಪನಿಗೆ ಮೊಣಕಾಲು ನೋವು.

ದಾವಣಗೆರೆ ಬೆಣ್ಣೆ:
ಅಪ್ಪಾಜಿ ಇದ್ದರೆ ಬೇಡ. ರೈಲು ಒಂದು ದಿನಕ್ಕೆ, ಓಕ್ ಗ್ರೋವ್‌ಗೆ ಕಾರಲ್ಲಿ ಇನ್ನೊಂದು ದಿನ. ರಾತ್ರಿ ಅಮೆರಿಕಸ್‌ನಲ್ಲೇ ಉಳ್ಕೊಳ್ಳಿ, ಮುಖ್ಯರಸ್ತೆಯಲ್ಲೇ 1892ರ ಹಳೇ ವಿಂಡ್ಸರ್ ಹೋಟೆಲ್ ಇದೆ.